ಒಂಬತ್ತನೇ ತಿಂಗಳಲ್ಲಿ ಮಗುವಿನ ಹೊರಳಾಟ ಕಡಿಮೆಯಾಗುವುದು ಸಹಜವೇ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಒಳಗೆ, ತೋಟದ ನಡುವೆ ಇದೆ. ಇದು ನನ್ನ ಚೊಚ್ಚಲ ಬಸಿರು. 37 ವಾರ ಕಳೆದಿದೆ. ಹೊಟ್ಟೆ ಕೆಳಗಿಳಿದಂತಾಗಿ ಉಸಿರಾಟ ಹಗುರವಾಗಿದೆ, ಆದರೆ ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳಬೇಕಾಗುತ್ತದೆ. ಸಂಜೆ ಹೊಟ್ಟೆ ಕಲ್ಲಿನಂತೆ ಬಿಗಿದು ಮತ್ತೆ ಸಡಿಲವಾಗುತ್ತದೆ. ನಿನ್ನೆಯಿಂದ ಮಗುವಿನ ಹೊರಳಾಟ ಕಡಿಮೆ ಎನಿಸುತ್ತಿದೆ. ಒಳಗೆ ಜಾಗವಿಲ್ಲದೆ ಹಾಗಾಗುತ್ತದೆ ಎನ್ನುತ್ತಾರೆ ಅತ್ತೆ. ಮಂಗಳೂರಿನ ಆಸ್ಪತ್ರೆಗೆ ಯಾವಾಗ ಹೊರಡಬೇಕು?

ಉತ್ತರ: ಹೊರಳಾಟದ ವಿಷಯವನ್ನೇ ಮೊದಲು ಹೇಳುತ್ತೇನೆ. ಅತ್ತೆಯವರ ಮಾತಿನಲ್ಲಿ ಅರ್ಧ ನಿಜವಿದೆ: ಜಾಗ ಕಿರಿದಾದಂತೆ ಜೋರಾದ ಒದೆತದ ಬದಲು ತಳ್ಳಿದಂತೆ, ಉರುಳಿದಂತೆ ಅನ್ನಿಸಬಹುದು, ಆದರೆ ಹೆರಿಗೆಯವರೆಗೂ ಮಗು ಅಲುಗಾಡುವ ಸಲಗಳು ಕಡಿಮೆಯಾಗಬಾರದು. ನಿಮಗೆ ಈಗಾಗಲೇ ಅನುಮಾನ ಬಂದಿರುವುದರಿಂದ, ಬೆಲ್ಲದ ನೀರು ಕುಡಿದು ನೋಡೋಣ ಎಂದು ಹೊತ್ತು ಕಳೆಯದೆ, ಹೆರಿಗೆ ವಿಭಾಗವಿರುವ ಹತ್ತಿರದ ಆಸ್ಪತ್ರೆಯಲ್ಲಿ ಇಂದೇ ಮಗುವಿನ ಹೃದಯ ಬಡಿತ ನೋಡಿಸಿಕೊಳ್ಳಿ. ಮುಂದಿನ ದಿನಗಳಲ್ಲಿ ಊಟವಾದ ಮೇಲೆ ಎಡಮಗ್ಗುಲಾಗಿ ಮಲಗಿ ಎಣಿಸಿ. ಎರಡು ಗಂಟೆಯಲ್ಲಿ 10 ಸಲ ಅಲುಗಾಡದಿದ್ದರೆ, ಅಥವಾ ಎಂದಿನ ರೀತಿ ತಪ್ಪಿದೆ ಎನಿಸಿದರೆ, ನಡುರಾತ್ರಿಯಾದರೂ ಹೊರಡಿ.

ಹೊಟ್ಟೆ ಇಳಿದದ್ದು ಮಗುವಿನ ತಲೆ ಕೆಳಗೆ ಕೂರುತ್ತಿರುವುದರ ಗುರುತು. ಚೊಚ್ಚಲಿನಲ್ಲಿ ಇದು ಹೆರಿಗೆಗೆ ಎರಡು ಮೂರು ವಾರ ಮೊದಲೇ ಆಗಬಹುದು. ಸಂಜೆಯ ಬಿಗಿತ, ಮಲಗಿದಾಗ ಅಥವಾ ನೀರು ಕುಡಿದಾಗ ಇಳಿಯುವುದಾದರೆ, ನಿಜವಾದ ಬೇನೆಯಲ್ಲ. ನಿಜವಾದದ್ದು ಬಿಡುವು ಕಡಿಮೆಯಾಗುತ್ತಾ, ನೋವು ಹೆಚ್ಚುತ್ತಾ ಬರುತ್ತದೆ. ಐದು ನಿಮಿಷಕ್ಕೊಮ್ಮೆ, ಒಂದೊಂದು ನಿಮಿಷ, ಒಂದು ಗಂಟೆ ಕಾಲ ಬಂದರೆ ಹೊರಡಬೇಕೆಂಬ ಲೆಕ್ಕ ಪೇಟೆಯವರಿಗೆ ಸರಿ. ಮಳೆಗಾಲದ ನಮ್ಮ ರಸ್ತೆಯಲ್ಲಿ ಮಂಗಳೂರಿಗೆ ಹೋಗುವವರು ಅಷ್ಟು ಕಾಯಬಾರದು, ನೋವು ಕ್ರಮಬದ್ಧವಾದ ಕೂಡಲೇ ಹೊರಡಬೇಕು. ಮಗುವಿನ ಸುತ್ತಲಿನ ನೀರು ಒಡೆದು ಹೋದರೆ ನೋವಿಗಾಗಿ ಕಾಯಬೇಡಿ. ಅದು ಹಸಿರಾಗಿದ್ದರೆ, ಅಥವಾ ರಕ್ತಸ್ರಾವವಾದರೆ, ಮಂಗಳೂರನ್ನು ಮರೆತು ಹತ್ತಿರದ ಆಸ್ಪತ್ರೆಗೆ ಹೋಗಿ. 108ಕ್ಕೆ ಕರೆ ಮಾಡಬಹುದು.

ಮರುಪ್ರಶ್ನೆ: ಹೋಗಿ ಬಂದೆವು ಡಾಕ್ಟರೇ, ಬಡಿತ ಸರಿಯಿದೆ ಎಂದರು. ಕಾಲಿನ ಊತಕ್ಕೆ ಉಪ್ಪು ಬಿಡಬೇಕೇ?

ಉತ್ತರ: ಸಮಾಧಾನವಾಯಿತು. ಉಪ್ಪು ಪೂರ್ತಿ ಬಿಡಬೇಕಾಗಿಲ್ಲ. ಸಂಜೆ ಊದಿ ಬೆಳಗ್ಗೆ ಇಳಿಯುವ ಪಾದದ ಊತ ಸಾಮಾನ್ಯವಾಗಿ ತೊಂದರೆಯದ್ದಲ್ಲ. ಮುಖ, ಕೈಬೆರಳು ಥಟ್ಟನೆ ಊದಿ ಬಳೆ, ಉಂಗುರ ಬಿಗಿಯಾದರೆ, ತಲೆನೋವಿನೊಂದಿಗೆ ಕಣ್ಣು ಮಂಜಾದರೆ, ಮೇಲುಹೊಟ್ಟೆ ನೋಯುತ್ತಿದ್ದರೆ ಅಂದೇ ಬಿಪಿ ನೋಡಿಸಿ. 140/90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೈದ್ಯರನ್ನು ಕಾಣದೆ ಮನೆಗೆ ಮರಳಬೇಡಿ. ಸ್ಕ್ಯಾನ್ ವರದಿ, ರಕ್ತದ ಗುಂಪಿನ ಚೀಟಿ, ಆಶಾ ಕಾರ್ಯಕರ್ತೆ ತುಂಬಿಸಿಕೊಟ್ಟ ಕಾರ್ಡು ಇವೆಲ್ಲವನ್ನೂ ಒಂದೇ ಚೀಲದಲ್ಲಿ ಬಾಗಿಲ ಬಳಿ ಇಟ್ಟಿರಿ. ಕಾರ್ಡಿನಲ್ಲಿ ಮಲಯಾಳದಲ್ಲಿ ಬರೆದದ್ದೇನಾದರೂ ಇದ್ದರೆ ಅದರ ಅರ್ಥವನ್ನು ಈಗಲೇ ಪಕ್ಕದಲ್ಲಿ ಬರೆಸಿಡಿ.