1965ರ ಜಾವಾ: ಫ್ಯಾಕ್ಟರಿ ಮರೂನ್ ಮತ್ತು ಚಿನ್ನದ ಗೆರೆ ಹಿಡಿಯೋದು ಹೇಗೆ?

ಬಸವನಗುಡಿ_ಜಾವಾ
ದೊಡ್ಡಪ್ಪನ ಜಾವಾ 250 ಬೈಕ್ ಈಗ ನನ್ನ ಹತ್ತಿರ ಇದೆ. ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲಿ ತಯಾರಾದ ಗಾಡಿ. ನಡುವೆ ಯಾವಾಗಲೋ ಅದಕ್ಕೆ ಬೇರೆ ಕೆಂಪು ಹೊಡೆಸಿ, ಟ್ಯಾಂಕಿಗೆ ಸ್ಟಿಕ್ಕರ್ ಗೆರೆ ಅಂಟಿಸಿದ್ದಾರೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಕೇಳಿದರೆ ಅಂಗಡಿಗೊಂದು ಮರೂನ್ ತೋರಿಸುತ್ತಾರೆ. ನನಗೆ ಮೊದಲಿದ್ದ ಬಣ್ಣವೇ ಬೇಕು. ಹೇಗೆ ಪತ್ತೆ ಮಾಡೋದು?

ಟೂ_ಸ್ಟ್ರೋಕ್
ಹಳೆ ಆರ್‌ಸಿ ಬುಕ್ಕಿನಲ್ಲಿ ಬಣ್ಣ ಬರೆದಿರುತ್ತಾರೆ, ನೋಡಿ. ಶೇಡ್ ಸಿಗಲ್ಲ, ಆದರೆ ಮರೂನೋ ಕಪ್ಪೋ ಅನ್ನೋದು ಖಚಿತ ಆಗುತ್ತೆ.

ಲೈನಿಂಗ್_ಮಲ್ಲೇಶ್ವರ
ಅಮೆರಿಕದ 1969ರ ಕಮಾರೊ ಕಾರಿಗಾದರೆ ಬಣ್ಣದ ಕೋಡ್ ಇರುವ ತಗಡಿನ ಪಟ್ಟಿ ಬಾನೆಟ್ ಒಳಗೇ ಇರುತ್ತೆ. ನಮಗೆ ಆ ಅನುಕೂಲ ಇಲ್ಲ. ಗಾಡಿಯನ್ನೇ ಕೇಳಬೇಕು.

ಟೂಲ್ ಬಾಕ್ಸ್ ಮುಚ್ಚಳದ ಒಳಭಾಗ, ಸೀಟಿನ ಅಡಿ, ಟ್ಯಾಂಕಿನ ಕೆಳಗೆ ನೋಡಿ. ಬಿಸಿಲು ಬೀಳದ ಜಾಗದಲ್ಲಿ ಹಳೆ ಬಣ್ಣ ಉಳಿದಿರುವ ಸಾಧ್ಯತೆ ಜಾಸ್ತಿ. ಅಲ್ಲೂ ಮೇಲೆ ಹೊಡೆದಿದ್ದರೆ ರೂಪಾಯಿ ನಾಣ್ಯದಷ್ಟು ಜಾಗ ಆರಿಸಿಕೊಂಡು, 1000 ನಂಬರ್ ವಾಟರ್ ಪೇಪರಿನಲ್ಲಿ ನೀರು ಹಾಕಿ ನಿಧಾನ ಉಜ್ಜಿ. ಮರದ ಉಂಗುರಗಳ ಹಾಗೆ ಒಂದೊಂದು ಪದರ ಕಾಣಿಸುತ್ತೆ. ಪ್ರೈಮರ್‌ಗೆ, ಅಂದರೆ ತಗಡಿನ ಮೇಲಿನ ಮೊದಲ ಲೇಪಕ್ಕೆ, ತಾಗಿಕೊಂಡಿರೋದೇ ಸಾಮಾನ್ಯವಾಗಿ ಫ್ಯಾಕ್ಟರಿ ಬಣ್ಣ. ಅದಕ್ಕೆ ಸ್ವಲ್ಪ ರಬ್ಬಿಂಗ್ ಕಾಂಪೌಂಡ್ (ಪಾಲಿಶ್ ಪೇಸ್ಟ್) ಹಾಕಿ ಒರೆಸಿ, ಮಂಕು ಹೋಗಲಿ. ಆಮೇಲೆ ಆ ಮುಚ್ಚಳವನ್ನೇ ಪೇಂಟ್ ಅಂಗಡಿಗೆ ತೆಗೆದುಕೊಂಡು ಹೋಗಿ. ಫೋನಿನ ಫೋಟೋ ತೋರಿಸಬೇಡಿ ದಯವಿಟ್ಟು. ಮಿಕ್ಸ್ ಮಾಡಿದ ಬಣ್ಣವನ್ನು ತಗಡಿನ ಚೂರಿಗೆ ಹೊಡೆಸಿ, ಪೂರ್ತಿ ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ಪಕ್ಕ ಇಟ್ಟು ನೋಡಿ. ಟ್ಯೂಬ್‌ಲೈಟಿನಲ್ಲಿ ಮರೂನ್ ಮೋಸ ಮಾಡುತ್ತೆ.

ಗೆರೆ ವಿಷಯಕ್ಕೆ ಬಂದರೆ, ಸ್ಟಿಕ್ಕರ್ ಬೇಡವೇ ಬೇಡ. ಕೈಯಲ್ಲಿ ಎಳೆದ ಗೆರೆ ತಿರುವಿನಲ್ಲಿ ಒಂಚೂರು ದಪ್ಪ ಆಗುತ್ತೆ, ಬ್ರಶ್ ಎತ್ತಿದ ಕಡೆ ಸಣ್ಣಗಾಗುತ್ತೆ. ಉಗುರು ಆಡಿಸಿದರೆ ಉಬ್ಬು ಸಿಗುತ್ತೆ. ಅದರ ಜೀವ ಇರೋದೇ ಅಲ್ಲಿ. ಚೆನ್ನೈನ ರಾಯಲ್ ಎನ್‌ಫೀಲ್ಡ್ ಫ್ಯಾಕ್ಟರಿಯಲ್ಲಿ ಬುಲೆಟ್ ಟ್ಯಾಂಕಿಗೆ ಕೈಯಲ್ಲೇ ಗೆರೆ ಎಳೆದಿದ್ದು ನಿಮಗೂ ಗೊತ್ತಿರುತ್ತೆ ಅಲ್ವಾ? ಮೂಲ ಗೆರೆ ಎಲ್ಲಾದರೂ ಉಳಿದಿದ್ದರೆ ಉಜ್ಜೋ ಮುಂಚೆ ಬಟರ್ ಪೇಪರ್ ಇಟ್ಟು ಪಡಿಯಚ್ಚು ತೆಗೆಯಿರಿ. ಗೆರೆಯ ಅಗಲವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ.

ಬಸವನಗುಡಿ_ಜಾವಾ
ತುಂಬಾ ಥ್ಯಾಂಕ್ಸ್ ಸರ್! ಟೂಲ್ ಬಾಕ್ಸ್ ಒಳಗೆ ಸ್ವಲ್ಪ ಕಂದು ಛಾಯೆಯ ಮರೂನ್ ಸಿಕ್ಕಿತು. ಸ್ಟಿಕ್ಕರನ್ನು ಹೇರ್ ಡ್ರೈಯರ್‌ನಲ್ಲಿ ಬಿಸಿ ಮಾಡಿ ಬಿಡಿಸಿದೆ, ಅಡಿಯಲ್ಲಿ ಎರಡು ಇಂಚು ಹಳೆ ಗೆರೆ ಇದೆ! ಟ್ಯಾಂಕಿನ ಕ್ರೋಮ್ ಕೂಡ ಮಾಡಿಸಬೇಕು. ಪೇಂಟ್ ಮೊದಲಾ, ಕ್ರೋಮ್ ಮೊದಲಾ?

ಲೈನಿಂಗ್_ಮಲ್ಲೇಶ್ವರ
ಕ್ರೋಮ್ ಮೊದಲು. ಪ್ಲೇಟಿಂಗ್ ತೊಟ್ಟಿಯಲ್ಲಿ ಅದ್ದಿದರೆ ಬಣ್ಣ ಉಳಿಯಲ್ಲ. ಕ್ರೋಮ್ ನುಣುಪು ಇರೋದರಿಂದ ಬಣ್ಣ ಬೀಳುವ ಜಾಗವನ್ನು ಎಮರಿ ಪೇಪರಿನಲ್ಲಿ ಉಜ್ಜಿ ಚೆನ್ನಾಗಿ ಒರಟು ಮಾಡಿಸಿ, ಇಲ್ಲದಿದ್ದರೆ ಸಿಪ್ಪೆ ಏಳುತ್ತೆ. ಚಿನ್ನದ ಗೆರೆ ಬಣ್ಣ ಮತ್ತು ಕ್ರೋಮ್ ಸೇರುವ ಅಂಚನ್ನು ಮುಚ್ಚಬೇಕು, ಹಾಗಾಗಿ ಅದು ಕೊನೆಗೆ. ಆ ಎರಡು ಇಂಚನ್ನು ಇವತ್ತೇ ಪಡಿಯಚ್ಚು ತೆಗೆದುಬಿಡಿ, ಟ್ಯಾಂಕ್ ಕ್ರೋಮಿಗೆ ಹೋದರೆ ಮತ್ತೆ ಸಿಗಲ್ಲ.