ಅಪ್‌ಡೇಟ್: ಪೆನ್‌ಡ್ರೈವ್‌ನ ಟಾರ್ ಬ್ರೌಸರ್ ಕೊನೆಗೂ ಸಂಪರ್ಕ ಪಡೆಯಿತು

ಪೆನ್‌ಡ್ರೈವ್‌ನಲ್ಲಿಟ್ಟ ಟಾರ್ ಬ್ರೌಸರ್ (ಗುರುತು ಮರೆಮಾಚಿ ಅಂತರ್ಜಾಲ ನೋಡಲು ನೆರವಾಗುವ ಬ್ರೌಸರ್) ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ನಡೆಯುತ್ತದೆ, ಹಳೆಯ ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಸಂಪರ್ಕದ ಹಂತದಲ್ಲೇ ನಿಂತುಬಿಡುತ್ತದೆ ಎಂದು ಕಳೆದ ವಾರ ಕೇಳಿದ್ದೆ. ಈಗ ಸರಿಹೋಗಿದೆ!

ಮತ್ತೆ ಡೌನ್‌ಲೋಡ್ ಮಾಡಿ ಹಾಕಿದೆ, ಪ್ರಯೋಜನವಾಗಲಿಲ್ಲ. ಟಾರ್‌ಗೆ ತಡೆಯಿರುವಲ್ಲಿ ಬಳಸುವ ಬದಲಿ ದಾರಿಯಾದ ಸ್ನೋಫ್ಲೇಕ್ ಬ್ರಿಡ್ಜ್ ಆರಿಸಿದರೂ ಅದೇ ಪಾಡು. ‘ಕಂಪ್ಯೂಟರಿನ ಗಡಿಯಾರ ನೋಡಿ’ ಎಂದವರ ಸಲಹೆಯೇ ಕೈಹಿಡಿಯಿತು. ಅವರಿಗೆ ಮನಃಪೂರ್ವಕ ವಂದನೆ. ದಿನಾಂಕ 5 ದಿನ ಹಿಂದೆ ಉಳಿದಿತ್ತು. ಬೇರೆ ಬ್ರೌಸರ್‌ನಲ್ಲಿ ಎಲ್ಲ ಪುಟಗಳೂ ತೆರೆಯುತ್ತಿದ್ದುದರಿಂದ ನಾನು ಅತ್ತ ನೋಡಿಯೇ ಇರಲಿಲ್ಲ. ಟಾರ್ ಜಾಲದ ರಿಲೇಗಳ (ನಮ್ಮ ಸಂಪರ್ಕವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುವ ಕಂಪ್ಯೂಟರ್‌ಗಳ) ಪಟ್ಟಿಗೆ ಇರುವ ಮಾನ್ಯತೆಯ ಅವಧಿ ತೀರ ಚಿಕ್ಕದು. ಹಾಗಾಗಿ ಗಡಿಯಾರ ಇಷ್ಟು ಹಿಂದೆ ಬಿದ್ದರೆ ಬ್ರೌಸರ್ ಆ ಪಟ್ಟಿಯನ್ನು ಒಪ್ಪುವುದೇ ಇಲ್ಲ. ದಿನಾಂಕ ತಿದ್ದಿ ಮತ್ತೆ ತೆರೆದೆ, ಕ್ಷಣಗಳಲ್ಲಿ ಸಂಪರ್ಕ ಸಿಕ್ಕಿತು.

ಇನ್ನೊಂದು ವಿಷಯ. ಕಿಟಕಿಯನ್ನು ದೊಡ್ಡದು ಮಾಡಿದಾಗ ಪುಟದ ಸುತ್ತ ಬೂದು ಅಂಚು ಕಾಣುವುದನ್ನೂ ದೋಷವೆಂದೇ ತಿಳಿದಿದ್ದೆ. ಪರದೆಯ ನಿಖರ ಅಳತೆಯಿಂದ ನಮ್ಮನ್ನು ಗುರುತು ಹಿಡಿಯದಂತೆ ಬೇಕೆಂದೇ ಮಾಡಿರುವ ಏರ್ಪಾಡು ಅದು. ಎಷ್ಟು ಮುತುವರ್ಜಿಯ ಕೆಲಸ! ಆ ಅಂಚನ್ನು ತೆಗೆಯುವ ಪ್ರಯತ್ನವನ್ನು ಅಲ್ಲಿಗೇ ಕೈಬಿಟ್ಟೆ.