ಸೀತಾ ಅಶೋಕದ ಎಲೆಗಳು ಪಡುವಣ ಬದಿಯಲ್ಲಿ ಮಾತ್ರ ಸುಡುತ್ತಿವೆ, ದಯವಿಟ್ಟು ಪರಿಹಾರ ತಿಳಿಸಿ

ಕಲ್ಲಿನಕೋಟೆ ಅಂಗಳ, ಚಿತ್ರದುರ್ಗ
ಫೆಬ್ರವರಿ 24

ನಮ್ಮ ಮನೆಯ ಮುಂದೆ ಐದು ವರ್ಷಗಳ ಹಿಂದೆ ನೆಟ್ಟ ಸೀತಾ ಅಶೋಕ ಈಗ ಎಂಟು ಅಡಿ ಎತ್ತರವಾಗಿದೆ. ಹೋದ ವರ್ಷ ಕಾಂಡದ ಮೇಲೆಯೇ ಎರಡು ಗೊಂಚಲು ಹೂ ಬಿಟ್ಟಿತ್ತು. ಅದರ ನೆರಳಿನಲ್ಲಿ ಕಲ್ಲುಬೆಂಚು ಹಾಕಿಸಬೇಕೆಂದು ನಮ್ಮ ಅತ್ತೆಯವರು ದಿನವೂ ಹೇಳುತ್ತಿರುತ್ತಾರೆ. ಆದರೆ ಸಂಕ್ರಾಂತಿ ಕಳೆದ ಮೇಲೆ ಎಲೆಗಳ ತುದಿ ಒಣಗಲು ಶುರುವಾಗಿ, ಈಗ ಪಡುವಣ ಬದಿಯ ಕೊಂಬೆಗಳಲ್ಲಿ ಅಂಚೆಲ್ಲ ಸುಟ್ಟಂತಾಗಿ, ಮುಟ್ಟಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿದೆ. ಮೂಡಣ ಬದಿ ಹಸಿರಾಗಿಯೇ ಇದೆ. ಕೊಟ್ಟಿಗೆ ಗೊಬ್ಬರ ಹಾಕಿದೆ, ಬೇವಿನ ಹಿಂಡಿ ಹಾಕಿದೆ, ನರ್ಸರಿಯವರು ಕೊಟ್ಟ ಔಷಧಿಯನ್ನು ಎರಡು ಸಲ ಸಿಂಪಡಿಸಿದೆ. ಯಾವುದರಿಂದಲೂ ಗುಣ ಕಾಣಲಿಲ್ಲ. ನೀರಿಗೆ ಕೊರತೆ ಇಲ್ಲ. ಏನು ಮಾಡಬೇಕೆಂದು ಬೇಗ ತಿಳಿಸಿದರೆ ಉಪಕಾರವಾಗುತ್ತದೆ.

ಬೆಣ್ಣೆನಗರಿ ಹಸಿರು, ದಾವಣಗೆರೆ
ಫೆಬ್ರವರಿ 24

ಮೇಡಂ, ಪಡುವಣ ಬದಿ ಮಾತ್ರ ಸುಡುತ್ತಿದೆ ಎಂದು ನೀವೇ ಬರೆದಿದ್ದೀರಿ, ಉತ್ತರವೂ ಅದರಲ್ಲಿಯೇ ಇದೆ. ಇದು ಮಧ್ಯಾಹ್ನದ ಬಿಸಿಲಿನ ಹೊಡೆತ. ಸೀತಾ ಅಶೋಕ ಪಶ್ಚಿಮ ಘಟ್ಟದ ಹಳ್ಳಗಳ ದಂಡೆಯಲ್ಲಿ, ದೊಡ್ಡ ಮರಗಳ ಅಡಿಯಲ್ಲಿ, ತೇವದ ಗಾಳಿಯಲ್ಲಿ ಬೆಳೆಯುವ ಮರ. ಅಲ್ಲಿ ವರ್ಷಕ್ಕೆ 2000 ಮಿ.ಮೀ.ಗೂ ಹೆಚ್ಚು ಮಳೆಯಾದರೆ ನಿಮ್ಮ ದುರ್ಗದಲ್ಲಿ ಬೀಳುವುದು 600ರ ಆಸುಪಾಸು. ಗಿಡ ಚಿಕ್ಕದಿರುವಾಗ ಅರೆ ನೆರಳು ಬೇಕೇ ಬೇಕು. ಐವತ್ತು ಪರ್ಸೆಂಟ್ ಶೇಡ್ ನೆಟ್ಟನ್ನು ಪಡುವಣ ಕಡೆಗೆ ಪರದೆಯಂತೆ ಕಟ್ಟಿ, ಬುಡಕ್ಕೆ ತರಗೆಲೆ ಹೊದಿಸಿ. ಹದಿನೈದು ದಿನದಲ್ಲಿ ವ್ಯತ್ಯಾಸ ಕಾಣುತ್ತದೆ.

ಮಾರಿಕಣಿವೆ ತೋಟ, ಹಿರಿಯೂರು
ಫೆಬ್ರವರಿ 25

ಮೊದಲು ಇದು ನಿಜವಾದ ಅಶೋಕವೇ ಎಂದು ಖಚಿತಪಡಿಸಿಕೊಳ್ಳಿ. ನರ್ಸರಿಗಳಲ್ಲಿ ಅಶೋಕ ಎಂದರೆ ಬೇಲಿಗುಂಟ ನೆಡುವ ಕಂಬದ ಅಶೋಕವನ್ನೇ ಕೊಡುತ್ತಾರೆ. ಅದು ಸೀತಾಫಲದ ಕುಟುಂಬಕ್ಕೆ ಸೇರಿದ ಬೇರೆಯೇ ಮರ. ಇನ್ನೊಂದು ಮಾತನ್ನೂ ಹೇಳಬೇಕು. ಬಯಲುಸೀಮೆಯ ಮನೆಗೆ ನೆರಳು ಬೇಕಾದರೆ ಹೊಂಗೆ ಇದೆ, ಬೇವು ಇದೆ, ಹೂವೂ ಬೇಕೆಂದರೆ ಕಕ್ಕೆ ಇದೆ. ಮಲೆನಾಡಿನ ಮರವನ್ನು ತಂದು ದುರ್ಗದ ಗರಸು ನೆಲದಲ್ಲಿ ನಿಲ್ಲಿಸಿ, ಆಮೇಲೆ ಅದು ಒಣಗಿತೆಂದು ಕೊರಗುವುದು ಮರಕ್ಕೂ ಕಷ್ಟ, ನಮಗೂ ಕಷ್ಟ.

ಕಲ್ಲಿನಕೋಟೆ ಅಂಗಳ
ಫೆಬ್ರವರಿ 25

ಸರ್, ಇದು ಕಂಬದ ಅಶೋಕವಲ್ಲ. ಎಲೆ ಸಂಯುಕ್ತವಾಗಿದ್ದು, ಒಂದೊಂದು ದಂಟಿನಲ್ಲಿ ಐದು ಜೋಡಿ ಕಿರುಎಲೆಗಳಿವೆ. ಚಿಗುರು ಬಂದಾಗ ಗುಲಾಬಿ ಬಣ್ಣದ ಕುಚ್ಚಿನಂತೆ ಜೋತು ಬೀಳುತ್ತದೆ. ಹೂ ಹಳದಿ ಮಿಶ್ರಿತ ಕಿತ್ತಳೆಯಾಗಿ ಅರಳಿ, ದಿನ ಕಳೆದಂತೆ ಕೆಂಪಾಯಿತು. ಐದು ವರ್ಷ ಇದೇ ಗರಸು ನೆಲದಲ್ಲಿ, ಇದೇ ಬಿಸಿಲಿನಲ್ಲಿ ಚೆನ್ನಾಗಿದ್ದ ಗಿಡ ಈ ವರ್ಷ ಮಾತ್ರ ಯಾಕೆ ಹೀಗಾಯಿತು ಎಂಬುದು ನನ್ನ ಪ್ರಶ್ನೆ. ಬೇರೆ ಮರ ನೆಡಬೇಕಿತ್ತೇ ಎಂದು ನಾನು ಕೇಳಿಲ್ಲ.

ಶಾಂತಿಸಾಗರ ತಟ, ಚನ್ನಗಿರಿ
ಫೆಬ್ರವರಿ 26

ಅಕ್ಕ, ಮೂರು ವಿಷಯ ತಿಳಿಸಿ. ಸುಡುತ್ತಿರುವುದು ಹಳೆಯ ಎಲೆಯೋ, ಹೊಸ ಎಲೆಯೋ? ಒಣಗುವುದು ತುದಿಯಿಂದ ಆರಂಭವಾಗಿ ಅಂಚಿಗುಂಟ ಹಬ್ಬುತ್ತದೆಯೋ, ಅಥವಾ ಎಲೆಯ ನಡುವೆ ಮಚ್ಚೆಗಳಾಗುತ್ತವೆಯೋ? ನೀರು ಯಾವುದು?

ಯಾಕೆ ಕೇಳುತ್ತಿದ್ದೇನೆಂದರೆ, ಹೊಸ ಎಲೆಯಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗಿದ್ದರೆ ಅದು ಕಬ್ಬಿಣದ ಕೊರತೆ. ಸುಣ್ಣದ ಅಂಶ ಹೆಚ್ಚಿರುವ ನಮ್ಮ ಕಡೆಯ ಮಣ್ಣಿನಲ್ಲಿ ಅದು ಸಾಮಾನ್ಯ. ಬಿಸಿಲಿನ ಹೊಡೆತವಾದರೆ ಬಿಸಿಲಿಗೆ ನೇರವಾಗಿ ಮುಖ ಮಾಡಿದ ಎಲೆಯ ಮೈ ಮೊದಲು ಬಿಳಿಚಿಕೊಂಡು, ಆಮೇಲೆ ಕಂದಾಗುತ್ತದೆ, ಒಳಗಿನ ಎಲೆಗೆ ಏನೂ ಆಗಿರುವುದಿಲ್ಲ. ಹಳೆಯ ಎಲೆಯ ತುದಿಯಿಂದ ಹೊರಟು ಅಂಚು ಹಿಡಿದು ಸುಡುತ್ತಿದ್ದರೆ ಬೇರಿನ ಕಡೆಗೆ ನೋಡಬೇಕಾಗುತ್ತದೆ.

ಬೆಣ್ಣೆನಗರಿ ಹಸಿರು
ಫೆಬ್ರವರಿ 26

ಇಷ್ಟು ದೂರ ಹೋಗುವ ಅಗತ್ಯವಿಲ್ಲ. ನಮ್ಮ ಮನೆಯಲ್ಲಿ ಎರಡು ಸೀತಾ ಅಶೋಕ, ಒಂದು ಬಕುಳ, ಒಂದು ಹೊಳೆದಾಸವಾಳ ಇವೆ. ನಾಲ್ಕಕ್ಕೂ ಡ್ರಿಪ್ ಹಾಕಿ ಟೈಮರ್ ಇಟ್ಟಿದ್ದೇನೆ. ಅಶೋಕಗಳಿಗೆ ಮಾತ್ರ ಮೇಲೆ ಮಿಸ್ಟರ್ ಕೂಡ ಇದ್ದು, ಏಪ್ರಿಲ್‌ನಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಅರ್ಧ ಗಂಟೆಗೊಮ್ಮೆ ಮಂಜು ಬಿಡುತ್ತದೆ. ನೆರಳು ಕಟ್ಟುವ ಮೊದಲು ನನ್ನ ಗಿಡದ ಎಲೆಯೂ ಹೀಗೆಯೇ ಸುಟ್ಟಿತ್ತು, ಕಟ್ಟಿದ ಮೇಲೆ ನಿಂತಿತು.

ಕಲ್ಲಿನಕೋಟೆ ಅಂಗಳ
ಫೆಬ್ರವರಿ 27

ಸುಡುತ್ತಿರುವುದು ಬಲಿತ ಎಲೆಗಳೇ, ತುದಿಯಿಂದಲೇ ಆರಂಭವಾಗುತ್ತದೆ. ನೀರು ಐದು ವರ್ಷದಿಂದಲೂ ನಮ್ಮ ಬೋರಿನದ್ದೇ. ಮೊನ್ನೆ ಅಳತೆ ಮಾಡಿದಾಗ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಅಳತೆ) 900 ಬಂದಿತು, ಮೊದಲೂ ಅಷ್ಟೇ ಇತ್ತು. ಆದ್ದರಿಂದ ನೀರಿನ ದೋಷವಲ್ಲ. ಇವತ್ತೇ ಶೇಡ್ ನೆಟ್ ಕಟ್ಟಿಸುತ್ತೇನೆ.

ಕಲ್ಲಿನಕೋಟೆ ಅಂಗಳ
ಮಾರ್ಚ್ 21

ನೆಟ್ ಕಟ್ಟಿ ಮೂರು ವಾರ ಕಳೆಯಿತು. ದಿನಕ್ಕೆರಡು ಸಲ ಎಲೆಗಳಿಗೆ ನೀರು ಚಿಮುಕಿಸುತ್ತಿದ್ದೇನೆ. ಸುಡುವುದು ನಿಂತಿಲ್ಲ, ಪಡುವಣದ ಕೆಳಗಿನ ಕೊಂಬೆಯ ಎಲೆಗಳೆಲ್ಲ ಉದುರಿವೆ. ಈಗ ಕಾಂಪೌಂಡ್ ಪಕ್ಕದ ದಾಸವಾಳಕ್ಕೂ ಕರಿಬೇವಿಗೂ ಅದೇ ರೋಗ ಹತ್ತಿದಂತಿದೆ. ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಮೊದಲು ಕಾಣುವುದೇ ಆ ಬೋಳು ಕೊಂಬೆ. ಮನಸ್ಸಿಗೆ ತುಂಬಾ ನೋವಾಗುತ್ತದೆ.

ಬೆಣ್ಣೆನಗರಿ ಹಸಿರು
ಮಾರ್ಚ್ 21

ಐವತ್ತರ ನೆಟ್ ಸಾಲುತ್ತಿಲ್ಲ ಎಂದಾಯಿತು, ಎಪ್ಪತ್ತೈದರದ್ದನ್ನು ಕಟ್ಟಿ. ಪಡುವಣದ ಒಣ ಗಾಳಿಯೂ ಸೇರಿಕೊಂಡಿರಬಹುದು. ಜೋಗಿಮಟ್ಟಿಯ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ.

ಮಾರಿಕಣಿವೆ ತೋಟ
ಮಾರ್ಚ್ 22

ಆ ಗಾಳಿ ಏಳುವುದು ಆಷಾಢದಲ್ಲಿ, ಮಾರ್ಚ್‌ನಲ್ಲಲ್ಲ. ಅಷ್ಟೂ ಗೊತ್ತಿಲ್ಲದೆ ದಾವಣಗೆರೆಯಲ್ಲಿ ಕುಳಿತು ದುರ್ಗದ ಗಾಳಿಯ ಬಗ್ಗೆ ಬರೆಯಬಾರದು. ನನಗೆ ಗೆದ್ದಲಿನ ಮೇಲೆ ಅನುಮಾನವಿದೆ. ಬುಡ ಬಿಡಿಸಿ ನೋಡಿ.

ಬೆಣ್ಣೆನಗರಿ ಹಸಿರು
ಮಾರ್ಚ್ 22

ಗೆದ್ದಲು ದಿಕ್ಕು ನೋಡಿಕೊಂಡು ತಿನ್ನುತ್ತದೆಯೇ ಸರ್? ಒಂದೇ ಬದಿ ಸುಡುವುದಕ್ಕೆ ಬಿಸಿಲಲ್ಲದೆ ಬೇರೆ ಕಾರಣವಿದ್ದರೆ ನೀವೇ ತೋರಿಸಿ.

ಶಾಂತಿಸಾಗರ ತಟ
ಮಾರ್ಚ್ 22

ಇಬ್ಬರೂ ಸ್ವಲ್ಪ ತಾಳಿ. ಕರಿಬೇವು ಬಿಸಿಲಿಗೆ ಹೆದರುವ ಗಿಡವಲ್ಲ, ಬಂಡೆಯ ಮೇಲಿನ ಬಿಸಿಲಿನಲ್ಲೂ ಬೆಳೆಯುತ್ತದೆ. ಅಶೋಕ, ದಾಸವಾಳ, ಕರಿಬೇವು ಮೂರೂ ಬೇರೆ ಬೇರೆ ಕುಟುಂಬದವು. ಒಂದೇ ರೋಗವೋ ಹುಳವೋ ಮೂರನ್ನೂ ಒಂದೇ ರೀತಿ ಅಂಚು ಸುಡುವಂತೆ ಹಿಡಿಯುವುದು ಅಪರೂಪ. ಮೂರಕ್ಕೂ ಸಮಾನವಾಗಿರುವುದು ಪಡುವಣದ ನೆಲ. ಅಕ್ಕ, ಇಲ್ಲಿಯವರೆಗೆ ನೀವು ಹಾಕಿದ ಚಿತ್ರಗಳೆಲ್ಲ ಎಲೆಯವು. ಆ ಬದಿಯ ನೆಲದ ಚಿತ್ರ ಬೇಕು, ಕಾಂಪೌಂಡ್ ಗೋಡೆಯ ಬುಡದವರೆಗೂ ಕಾಣುವಂತೆ ತೆಗೆದು ಹಾಕಿ.

ಕಲ್ಲಿನಕೋಟೆ ಅಂಗಳ
ಮಾರ್ಚ್ 23

ಚಿತ್ರ ಹಾಕಿದ್ದೇನೆ. ನೆಲದ ಮೇಲೆ ರಂಗೋಲಿ ಪುಡಿ ಚೆಲ್ಲಿದಂತೆ ಕಾಣುತ್ತಿರುವುದು ಬಿಸಿಲಿಗೆ ಒಣಗಿದ ಮಣ್ಣಿರಬೇಕು. ಆ ಕಡೆ ವಾಟರ್ ಸಾಫ್ಟ್‌ನರ್‌ನ ಪೈಪು ಬಂದು ಬೀಳುವುದರಿಂದ ನೆಲ ಸದಾ ತೇವವಾಗಿಯೇ ಇರುತ್ತದೆ, ಹಾಗಾಗಿ ನೀರು ಸಾಲದೆ ಹೀಗಾಗಿರಲಾರದು. ಗಿಡಗಳಿಗೆ ನೀರು ವ್ಯರ್ಥವಾಗದಿರಲಿ ಎಂದು ಪ್ಲಂಬರಿಗೆ ಹೇಳಿ ನಾನೇ ಆ ಪೈಪನ್ನು ಅಂಗಳದ ಕಾಲುವೆಗೆ ಬಿಡಿಸಿದ್ದು.

ಶಾಂತಿಸಾಗರ ತಟ
ಮಾರ್ಚ್ 23

ಅಕ್ಕ, ಕಾರಣ ಆ ಪೈಪೇ. ಸಾಫ್ಟ್‌ನರ್ ಯಾವಾಗ ಹಾಕಿಸಿದಿರಿ?

ಕಲ್ಲಿನಕೋಟೆ ಅಂಗಳ
ಮಾರ್ಚ್ 23

ದೀಪಾವಳಿಗೆ. ಗಡಸು ನೀರಿನಿಂದ ಸೋಲಾರ್ ಗೀಸರಿನ ಒಳಗೆಲ್ಲ ಸುಣ್ಣ ಕಟ್ಟುತ್ತಿತ್ತು. ಈಗ ಸೋಪು ಚೆನ್ನಾಗಿ ನೊರೆ ಬರುತ್ತದೆ. ತೋಟದ ನಲ್ಲಿಗೂ ಅದೇ ಮೆದು ನೀರು ಬರುವಂತೆ ಮಾಡಿಸಿದ್ದೇನೆ.

ಶಾಂತಿಸಾಗರ ತಟ
ಮಾರ್ಚ್ 23

ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ, ಏಕೆಂದರೆ ಇಂದು ಊರಿನಲ್ಲಿ ಬೋರ್ ಇರುವ ಮನೆಗಳಲ್ಲೆಲ್ಲ ಈ ಯಂತ್ರ ಬರುತ್ತಿದೆ.

ಸಾಫ್ಟ್‌ನರ್‌ನ ಉದ್ದ ಸಿಲಿಂಡರಿನಲ್ಲಿ ರೆಸಿನ್ ಎಂಬ ಸಣ್ಣ ಸಾಬಕ್ಕಿಯಂತಹ ಕಾಳುಗಳಿರುತ್ತವೆ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅನ್ನು ಅವು ಹಿಡಿದುಕೊಂಡು, ಅದರ ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತವೆ. ನೀರಿನಿಂದ ಲವಣ ಹೋಗುವುದಿಲ್ಲ, ಒಂದರ ಜಾಗಕ್ಕೆ ಇನ್ನೊಂದು ಬರುತ್ತದೆ, ಅಷ್ಟೇ. ಆದ್ದರಿಂದಲೇ ನಿಮ್ಮ ಮೀಟರು ಮೊದಲೂ 900 ತೋರಿಸಿತು, ಈಗಲೂ 900 ತೋರಿಸುತ್ತಿದೆ. ಕಾಳುಗಳು ತುಂಬಿದ ಮೇಲೆ ಯಂತ್ರ ಉಪ್ಪಿನ ದ್ರಾವಣದಿಂದ ಅವನ್ನು ತೊಳೆದು, ತೊಳೆದ ನೀರನ್ನೆಲ್ಲ ನೀವು ಹೇಳಿದ ಪೈಪಿನಿಂದ ಹೊರಗೆ ಹಾಕುತ್ತದೆ. ಅದು ಅಪ್ಪಟ ಉಪ್ಪುನೀರು. ಉಪ್ಪುನೀರಿನಲ್ಲಿ ನಿಂತ ಬೇರಿಗೆ ಸುತ್ತ ಎಷ್ಟೇ ತೇವವಿದ್ದರೂ ನೀರನ್ನು ಹೀರಲು ಆಗುವುದಿಲ್ಲ. ಮೇಲಾಗಿ ಒಳಗೆ ಸೇರಿದ ಕ್ಲೋರೈಡು ಎಲೆಯ ತುದಿಯಲ್ಲಿ ಶೇಖರವಾಗಿ ಅಲ್ಲಿಂದಲೇ ಸುಡುತ್ತದೆ. ಒಂದು ಬದಿಯ ಬೇರು ಸಾಮಾನ್ಯವಾಗಿ ಅದೇ ಬದಿಯ ಕೊಂಬೆಗಳಿಗೆ ಹೆಚ್ಚು ನೀರುಣಿಸುವುದರಿಂದ, ಕಾಲುವೆ ಇರುವ ಪಡುವಣ ಬದಿ ಮೊದಲು ಸುಟ್ಟಿದೆ. ಬಿಸಿಲು ಇಳಿಯುವ ದಿಕ್ಕೂ ಅದೇ ಆಗಿದ್ದರಿಂದ ನಾವೆಲ್ಲ ಒಂದು ತಿಂಗಳು ದಾರಿ ತಪ್ಪಿದೆವು.

ಯಂತ್ರಕ್ಕೆ ವಾರಕ್ಕೆ ಎಷ್ಟು ಉಪ್ಪು ಹಾಕುತ್ತೀರಿ ಎಂದು ಲೆಕ್ಕ ನೋಡಿ ಹೇಳಿ. ಸಾಧ್ಯವಾದರೆ ಎರಡೂ ಬದಿಯ ಮಣ್ಣನ್ನು ಬೇರೆ ಬೇರೆ ಚೀಲದಲ್ಲಿ ತೆಗೆದುಕೊಂಡು ಹೋಗಿ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಕಲ್ಲಿನಕೋಟೆ ಅಂಗಳ
ಏಪ್ರಿಲ್ 4

ಲೆಕ್ಕ ಹಾಕಿ ಎದೆ ಧಸಕ್ಕೆಂದಿತು. ದೀಪಾವಳಿಯಿಂದ 25 ಕೆ.ಜಿ.ಯ ಎರಡು ಮೂಟೆ ಉಪ್ಪು ಮುಗಿದಿದೆ. ಆ 50 ಕೆ.ಜಿ. ಉಪ್ಪನ್ನೂ ನಾನೇ ನನ್ನ ಗಿಡಗಳ ಬುಡಕ್ಕೆ ಸುರಿದಂತಾಯಿತು. ಮಣ್ಣಿನ ಪರೀಕ್ಷೆಯ ಫಲಿತಾಂಶ ಬಂದಿದೆ. ಮೂಡಣ ಬದಿಯಲ್ಲಿ ಇ.ಸಿ. (ಮಣ್ಣಿನ ಉಪ್ಪಿನಂಶ ತೋರಿಸುವ ಅಳತೆ) 0.4, ರಸಸಾರ (ಪಿಎಚ್) 7.6. ಪಡುವಣ ಬದಿಯಲ್ಲಿ ಇ.ಸಿ. 3.1, ರಸಸಾರ 8.5. ಪೈಪನ್ನು ಅಂದೇ ಒಳಚರಂಡಿಯ ಚೇಂಬರಿಗೆ ತಿರುಗಿಸಿದೆವು. ಮುಂದೇನು ಮಾಡಬೇಕು?

ಶಾಂತಿಸಾಗರ ತಟ
ಏಪ್ರಿಲ್ 4

ಬಿಳಿ ಪೊರೆ ಕಟ್ಟಿದ ಮೇಲಿನ ಎರಡು ಇಂಚು ಮಣ್ಣನ್ನು ಕೆರೆದು ಅಂಗಳದಿಂದ ಹೊರಗೆ ಹಾಕಿ. ಆರಡಿ ಅಗಲದ ಚೌಕಕ್ಕೆ ಒಂದೂವರೆಯಿಂದ ಎರಡು ಕೆ.ಜಿ. ಜಿಪ್ಸಂ ಹರಡಿ, ಬೇರಿಗೆ ಪೆಟ್ಟಾಗದಂತೆ ಮೇಲೆ ಮೇಲೆ ಕೆದಕಿ. ಜಿಪ್ಸಂನ ಕ್ಯಾಲ್ಸಿಯಂ ಮಣ್ಣಿಗೆ ಅಂಟಿದ ಸೋಡಿಯಂ ಅನ್ನು ಬಿಡಿಸುತ್ತದೆ. ಬಿಡಿಸಿದ್ದು ಕೆಳಗಿಳಿಯಬೇಕಾದರೆ ಪಾತಿ ತುಂಬ ನೀರು ನಿಲ್ಲಿಸಿ ಇಂಗಿಸಬೇಕು. ವಾರಕ್ಕೊಮ್ಮೆಯಂತೆ ನಾಲ್ಕು ಸಲ ಸಾಕು. ದಿನವೂ ಸ್ವಲ್ಪ ಸ್ವಲ್ಪ ಹಾಕಿದರೆ ಉಪ್ಪು ಮೇಲೆಯೇ ಉಳಿಯುತ್ತದೆ. ನಿಮ್ಮದು ಗರಸು ನೆಲವಾದ್ದರಿಂದ ನೀರು ಬೇಗ ಇಂಗುತ್ತದೆ, ಎರೆ ಮಣ್ಣಾಗಿದ್ದರೆ ಇಷ್ಟು ಸುಲಭವಿರಲಿಲ್ಲ.

ತೋಟದ ನಲ್ಲಿಯನ್ನು ಸಾಫ್ಟ್‌ನರ್‌ಗೆ ಮೊದಲೇ, ನೇರ ಬೋರಿನ ಪೈಪಿಗೆ ಜೋಡಿಸಿ. ಗೀಸರಿಗೆ ಕೆಟ್ಟದಾದ ಆ ಗಡಸು ನೀರಿನ ಕ್ಯಾಲ್ಸಿಯಂ ನಿಮ್ಮ ಮಣ್ಣಿಗೆ ಈಗ ಬೇಕಾಗಿದೆ. ನಗರಸಭೆಯ ನೀರು ಸಿಗುವ ದಿನ ಅದನ್ನೇ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ಗೊಬ್ಬರ, ಹಿಂಡಿ ಯಾವುದನ್ನೂ ಮಳೆಗಾಲದವರೆಗೆ ಹಾಕಬೇಡಿ.

ಮಾರಿಕಣಿವೆ ತೋಟ
ಏಪ್ರಿಲ್ 5

ಜಿಪ್ಸಂ ಬೇಕಾಗಿಲ್ಲ, ಕೆರೆ ಗೋಡು ಹಾಕಿ ನೀರು ಕಟ್ಟಿದರೆ ಸಾಕು. ನಮ್ಮ ಹಿರಿಯರು ಚೌಳು ನೆಲವನ್ನು ಹಾಗೆಯೇ ತಿದ್ದಿದರು.

ಶಾಂತಿಸಾಗರ ತಟ
ಏಪ್ರಿಲ್ 5

ಗೋಡು ಒಳ್ಳೆಯದೇ ಸರ್, ಆದರೆ ಅದರಲ್ಲಿ ಜೇಡಿ ಹೆಚ್ಚು. ಸೋಡಿಯಂ ಇರುವಾಗಲೇ ಹಾಕಿದರೆ ಅದು ಕೆಸರಿನಂತೆ ಕಲಸಿಕೊಂಡು ನೀರು ಇಂಗುವುದನ್ನೇ ತಡೆಯುತ್ತದೆ. ಉಪ್ಪು ತೊಳೆದುಹೋದ ಮೇಲೆ ಹಾಕಲಿ.

ಕಲ್ಲಿನಕೋಟೆ ಅಂಗಳ
ಜೂನ್ 17

ಮೇ ತಿಂಗಳಲ್ಲಿ ಮೂರು ಒಳ್ಳೆಯ ಮಳೆಯಾಯಿತು. ಕೆಳಗಿನ ಎರಡು ಕೊಂಬೆ ಒಣಗಿಯೇ ಹೋದವು, ಕತ್ತರಿಸಿದೆ. ಕರಿಬೇವು ಉಳಿಯಲಿಲ್ಲ. ಆದರೆ ಇವತ್ತು ಬೆಳಿಗ್ಗೆ ಅಶೋಕದ ಪಡುವಣ ಬದಿಯಲ್ಲಿ, ಕತ್ತರಿಸಿದ ಕೊಂಬೆಗಿಂತ ಒಂದು ಗೇಣು ಮೇಲೆ, ಗುಲಾಬಿ ಕುಚ್ಚು ಇಳಿಬಿದ್ದಿದೆ. ನಾಲ್ಕು ಜೋಡಿ ಎಲೆ, ತುದಿಯಲ್ಲಿ ಎಲ್ಲೂ ಕಪ್ಪಿಲ್ಲ. ಅತ್ತೆಯವರನ್ನು ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ಎಲ್ಲರಿಗೂ ನಮಸ್ಕಾರಗಳು.

ಬೆಣ್ಣೆನಗರಿ ಹಸಿರು
ಜೂನ್ 17

ಬಹಳ ಸಂತೋಷವಾಯಿತು ಮೇಡಂ. ಕಾರಣವನ್ನು ನಾನು ತಪ್ಪಾಗಿ ಹೇಳಿದ್ದೆ, ಒಪ್ಪುತ್ತೇನೆ. ಆದರೂ ನೆಟ್ಟನ್ನು ಮುಂದಿನ ಬೇಸಿಗೆ ಕಳೆಯುವವರೆಗೆ ಬಿಚ್ಚಬೇಡಿ, ಹೊಸ ಎಲೆ ಎಳೆಯದು.

ಹೊಸ ಸದಸ್ಯ, ಹೊಳಲ್ಕೆರೆ
ಜುಲೈ 2

ನಮ್ಮ ಸಾಫ್ಟ್‌ನರ್ ಪೈಪು ಎರಡು ವರ್ಷದಿಂದ ತೆಂಗಿನ ಬುಡಕ್ಕೆ ಬೀಳುತ್ತಿದೆ. ಮರ ಚೆನ್ನಾಗಿದೆ, ಕಾಯಿಯೂ ಹಿಡಿದಿದೆ. ಬದಲಾಯಿಸಲೇಬೇಕೆ?

ಶಾಂತಿಸಾಗರ ತಟ
ಜುಲೈ 2

ತೆಂಗು ಕಡಲ ದಂಡೆಯಲ್ಲೂ ಬೆಳೆಯುವ ಮರ, ಉಪ್ಪನ್ನು ಬಹಳ ಮಟ್ಟಿಗೆ ತಡೆಯುತ್ತದೆ, ಬೇಗ ತೋರಿಸಿಕೊಳ್ಳುವುದಿಲ್ಲ. ಆದರೆ ಅದರ ಬುಡದ ಮಣ್ಣು ಕೆಡುತ್ತಲೇ ಇರುತ್ತದೆ, ಪೈಪನ್ನು ಬದಲಾಯಿಸಿ. ತೆಂಗಿನ ಸುತ್ತ ಹತ್ತು ಅಡಿಯೊಳಗೆ ಬೇರೆ ಯಾವ ಗಿಡಗಳಿವೆ, ಅವುಗಳ ಎಲೆಯ ತುದಿ ಹೇಗಿದೆ ಎಂದು ನೋಡಿ ಬರೆಯಿರಿ.